ಓದುಗರ ಪ್ರಶ್ನೆ: ಮಿಲಿಟರಿ ಕ್ರಾಸ್ ಪಡೆದ ಆ ಆರ್ಕಿಟೆಕ್ಟ್ ಬಗ್ಗೆ ನೀವು ಕೇಳಿದ್ದು

ಹೋದ ಸಂಚಿಕೇಲಿ ವೇಲ್ಸ್‌ನ ಪೋರ್ಟ್‌ಮೇರಿಯನ್ ಅನ್ನೋ ಪುಟ್ಟ ಊರಿನ ಒಂದು ಫೋಟೋ ಹಾಕಿ, ಕೆಳಗೆ "ಈ ಊರು ಕಟ್ಟಿದ ಆರ್ಕಿಟೆಕ್ಟ್ ಕ್ಲಫ್ ವಿಲಿಯಮ್ಸ್-ಎಲ್ಲಿಸ್, ಮೊದಲನೇ ಮಹಾಯುದ್ಧದಲ್ಲಿ ಮಿಲಿಟರಿ ಕ್ರಾಸ್ ಪಡೆದ ಆಫೀಸರ್" ಅಂತ ಒಂದೇ ಸಾಲು ಬರೆದಿದ್ವಿ. ಅದನ್ನ ನೋಡಿ ಬಂದ ಪ್ರಶ್ನೆಗಳೇ ಈ ಸಲ ಅಂಕಣ ಪೂರ್ತಿ ತುಂಬ್ಕೊಂಡಿವೆ, ಬೇರೆ ವಿಷಯ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ.

ನನ್ನ ಮಗ ಆರ್ಕಿಟೆಕ್ಚರ್ ಮೂರನೇ ವರ್ಷ ಓದ್ತಿದಾನೆ, ಈಗ ಸೇನೆಗೆ ಸೇರ್ತೀನಿ ಅಂತ ಹಟ ಹಿಡಿದು ಕೂತಿದಾನೆ. ಈ ಕ್ಲಫ್ ಅನ್ನೋರು ಮೊದ್ಲು ಆರ್ಕಿಟೆಕ್ಟಾ, ಮೊದ್ಲು ಸೈನಿಕರಾ? ಓದಿದ್ದೆಲ್ಲಿ?
– ಧಾರವಾಡದಿಂದ ಒಬ್ಬ ತಾಯಿ

ಮೊದ್ಲು ಆರ್ಕಿಟೆಕ್ಟೇ ಮೇಡಂ. ಹುಟ್ಟಿದ್ದು 1883ರ ಮೇ 28, ಇಂಗ್ಲೆಂಡಿನ ಗೇಟನ್ ಅನ್ನೋ ಹಳ್ಳೀಲಿ, ತಂದೆ ಅಲ್ಲಿ ಚರ್ಚಿನ ಪಾದ್ರಿ ಆಗಿದ್ರು. ಮನೆತನ ಮಾತ್ರ ವೇಲ್ಸ್‌ದು, ಹುಡುಗನಿಗೆ ನಾಲ್ಕು ವರ್ಷ ಆದಾಗ ಎಲ್ಲರೂ ವೇಲ್ಸ್‌ಗೆ ವಾಪಸ್ ಬಂದ್ಬಿಟ್ರು. ಓದಿನ ಕಥೆ ಕೇಳಿದ್ರೆ ನಿಮ್ಮ ಮಗನಿಗೆ ಖುಷಿ ಆಗ್ಬಹುದು, ನಿಮಗೆ ಆಗಲಿಕ್ಕಿಲ್ಲ. ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಲ್ಲಿ ವಿಜ್ಞಾನ ಓದೋಕೆ ಸೇರಿದ್ರು, ಡಿಗ್ರಿ ಮುಗಿಸಲಿಲ್ಲ. ಆಮೇಲೆ ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಸ್ಕೂಲಿಗೆ ಸೇರಿದ್ರು, ಅಲ್ಲೂ ಕೆಲವೇ ತಿಂಗಳು. ಅಷ್ಟರಲ್ಲೇ ಆಕ್ಸ್‌ಫರ್ಡ್ ಹತ್ರ ಕಮ್ನರ್ ಅನ್ನೋ ಕಡೆ ಒಂದು ಮನೆ ಕಟ್ಟಿಕೊಡಿ ಅಂತ ಕೆಲಸ ಸಿಕ್ತು, ಓದು ಅಲ್ಲಿಗೇ ನಿಂತ್ಹೋಯ್ತು. ಆ ಕಾಲದಲ್ಲಿ ಹಾಗೆ ನಡೀತಿತ್ತು, ಈಗ ಲೈಸೆನ್ಸ್ ಇಲ್ದೆ ಯಾರೂ ಒಂದು ಕಾಂಪೌಂಡ್ ಪ್ಲಾನಿಗೂ ಸಹಿ ಹಾಕೋಕಾಗಲ್ಲ, ಇದನ್ನ ಮಗನಿಗೆ ಒತ್ತಿ ಹೇಳಿ.

1908ರಲ್ಲಿ ತಂದೆ ಇವರಿಗೆ ಪ್ಲಾಸ್ ಬ್ರೊಂಡಾನು ಅನ್ನೋ ಹಳೇ ಮನೆ ಬರೆದುಕೊಟ್ರು, ಸ್ನೋಡನ್ ಬೆಟ್ಟಗಳ ಮಗ್ಗುಲಲ್ಲೇ ಇರೋ ಪಿತ್ರಾರ್ಜಿತ ಆಸ್ತಿ. ಸಂಪಾದನೆ ಏನು ಬಂದ್ರೂ ಆ ಮನೆ ತೋಟಕ್ಕೇ ಹೋಗ್ತಿತ್ತು, ಹತ್ತು ಪೌಂಡಿನ ಚೆಕ್ ಬಂದ್ರೆ ಅಷ್ಟಕ್ಕೂ ಬೇಲಿಗೆ ಯೂ ಗಿಡ ತರ್ಸೋದು, ಇಪ್ಪತ್ತು ಬಂದ್ರೆ ಇನ್ನೊಂದಷ್ಟು ಜಗಲಿಗೆ ಕಲ್ಲು ಹಾಸ್ಸೋದು. ಆ ತೋಟದ ದಾರಿಗಳನ್ನ ಹೇಗೆ ಎಳೆದಿದಾರೆ ಅಂದ್ರೆ ಬೇಲಿ ಸಂದೀಲಿ ನಿಂತು ನೋಡಿದ್ರೆ ದೂರದ ಕ್ನಿಖ್ಟ್ ಅನ್ನೋ ಚೂಪು ಬೆಟ್ಟ ಸರಿಯಾಗಿ ಎದುರಿಗೇ ಬಂದು ನಿಲ್ಲತ್ತೆ, ಬೆಟ್ಟಾನೂ ತೋಟದ ಒಂದು ಭಾಗವೇ ಅನ್ನಿಸ್ಬೇಕು. ಈ ಕಣ್ಣನ್ನ ನೆನಪಿಟ್ಕೊಳ್ಳಿ, ಯುದ್ಧದಲ್ಲಿ ಇವರಿಗೆ ಕೆಲಸಕ್ಕೆ ಬಂದಿದ್ದು ಇದೇ. 1914ರಲ್ಲಿ ಯುದ್ಧ ಶುರುವಾದಾಗ ವಯಸ್ಸು 31, ಹತ್ತು ವರ್ಷದ ಪ್ರಾಕ್ಟೀಸು, ವೇಲ್ಸ್‌ನಲ್ಲಿ ಲಾನ್‌ಗೋಯ್ಡ್ ಅನ್ನೋ ದೊಡ್ಡ ಬಂಗಲೆ ಕೆಲಸ ಇನ್ನೂ ಮುಗಿದಿರಲಿಲ್ಲ, ಅದನ್ನ ಅರ್ಧಕ್ಕೇ ಬಿಟ್ಟು ಹೋದ್ರು. ನಿಮ್ಮ ಮಗ ಓದು ಮುಗ್ಸಿ ಹೋಗ್ಲಿ ಮೇಡಂ. ಕಲ್ತಿದ್ದು ಅಲ್ಲಿ ವ್ಯರ್ಥ ಆಗಲ್ಲ.

ನಾನು ಸೇನೇಲಿದ್ದು ರಿಟೈರ್ ಆದವನು. ಯುದ್ಧದಲ್ಲಿ ಆರ್ಕಿಟೆಕ್ಟ್‌ಗೆ ಏನು ಕೆಲಸ ಸ್ವಾಮಿ? ಬಂಕರು, ಬ್ಯಾರಕ್ಕು ಕಟ್ಟಿಸಿದ್ದಕ್ಕೆಲ್ಲಾ ಮಿಲಿಟರಿ ಕ್ರಾಸ್ ಕೊಡ್ತಾರಾ?
– ಹಾಸನದಿಂದ ಮಾಜಿ ಸುಬೇದಾರರು

ಸುಬೇದಾರ್ ಸಾಹೇಬ್ರೇ, ಇವರು ಬ್ಯಾರಕ್ ಕಟ್ಟಿಸೋ ಕೆಲಸಕ್ಕೆ ಹೋಗಿದ್ದೇ ಅಲ್ಲ. ಮೊದ್ಲು ರಾಯಲ್ ಫ್ಯುಸಿಲಿಯರ್ಸ್, ಅಲ್ಲಿಂದ 1915ರಲ್ಲಿ ಹೊಸದಾಗಿ ಹುಟ್ಟಿದ ವೆಲ್ಷ್ ಗಾರ್ಡ್ಸ್, ಎರಡೂ ಕಾಲ್ದಳ. ಫ್ರಾನ್ಸಿನ ಕಂದಕದಲ್ಲಿ ಇದ್ದು, ಆಮೇಲೆ ಟ್ಯಾಂಕ್ ಕೋರ್‌ಗೆ, ಅಂದ್ರೆ ಬ್ರಿಟಿಷ್ ಸೇನೆಯ ಟ್ಯಾಂಕ್ ದಳಕ್ಕೆ ಹೋಗಿ ಅಲ್ಲಿ ಗುಪ್ತಚರ ಮತ್ತೆ ರೆಕ್ಕಿ ಆಫೀಸರ್ ಆದ್ರು.

ಈ ರೆಕ್ಕಿ ಕೆಲಸ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಆಗಿನ ಟ್ಯಾಂಕು ನೀವು ನೋಡಿರೋ ಟ್ಯಾಂಕ್ ಥರ ಅಲ್ವೇ ಅಲ್ಲ. 1917ರ ಮಾರ್ಕ್ 4 ತಗೊಳ್ಳಿ, ತೂಕ ಹತ್ತಿರ ಹತ್ತಿರ 28 ಟನ್ನು, ಇಂಜಿನ್ 105 ಹಾರ್ಸ್‌ಪವರ್, ಓಡಿದ್ರೆ ಗಂಟೆಗೆ ಆರು ಕಿಲೋಮೀಟರು, ಅದೂ ಗಟ್ಟಿ ನೆಲದಲ್ಲಿ. ಒಳಗೆ ಎಂಟು ಜನ, ಇಂಜಿನ್ನೂ ಅವರ ಮಧ್ಯಾನೇ, ಯಾವ ಗೋಡೆ ಅಡ್ಡ ಇಲ್ಲ, ಆ ಬಿಸಿ, ಹೊಗೆ, ಸದ್ದಿಗೆ ಪಕ್ಕದವನು ಕೂಗಿದ್ರೂ ಕೇಳ್ತಿರಲಿಲ್ಲ. ತಿರುಗಿಸೋಕೆ ಒಬ್ಬ ಡ್ರೈವರ್ ಸಾಲ್ತಿರಲಿಲ್ಲ, ಕಮಾಂಡರ್ ಬ್ರೇಕ್ ಹಿಡೀಬೇಕು, ಹಿಂದೆ ಇಬ್ಬರು ಗೇರ್ ಹಾಕ್ಬೇಕು, ನಾಲ್ಕು ಜನ ಸೇರಿದ್ರೆ ಆ ಗಾಡಿ ಒಂದು ಪಕ್ಕಕ್ಕೆ ತಿರುಗ್ತಿತ್ತು. ಹೊರಗೆ ನೋಡೋಕೆ ಇದ್ದಿದ್ದು ಸಣ್ಣ ಸೀಳು ಕಿಂಡಿ ಅಷ್ಟೇ. ಹೀಗೆ ಕಣ್ಣು ಕಿವಿ ಎರಡೂ ಇಲ್ಲದ ಗಾಡಿಗಳನ್ನ ರಾತ್ರಿ ಕತ್ತಲಲ್ಲಿ, ದೀಪ ಹಚ್ಚದೆ, ಶತ್ರುವಿಗೆ ಗೊತ್ತಾಗದ ಹಾಗೆ ಮುಂದಿನ ಸಾಲಿಗೆ ತಂದು ನಿಲ್ಲಿಸ್ಬೇಕು, ಬೆಳಗಾಗೋ ಹೊತ್ತಿಗೆ ಹೊರಟಾಗ ಯಾವ ಕಡೆ ನೆಲ ಗಟ್ಟಿ, ಯಾವ ಕಡೆ ಹೂಳು, ಎಲ್ಲಿ ಕಂದಕ ಅಗಲ ಅಂತ ಕಮಾಂಡರ್‌ಗೆ ಮೊದಲೇ ಬಾಯಿಪಾಠ ಆಗಿರ್ಬೇಕು. ಅದನ್ನೆಲ್ಲಾ ಮಾಡಿಕೊಡೋರು ರೆಕ್ಕಿ ಆಫೀಸರು.

ವಿಮಾನದಿಂದ ತೆಗೆದ ಫೋಟೋ ಇಟ್ಕೊಂಡು ಮ್ಯಾಪ್ ತಿದ್ದೋದು, ಮುಂಚೂಣಿಗೆ ಹೋಗಿ ತಲೆ ಎತ್ತಿ ಎದುರಿನ ಗುಡ್ಡ, ಮರದ ಮೋಟು, ಬಿದ್ದ ಚರ್ಚಿನ ಗೋಪುರ ಎಲ್ಲಾ ಸೇರಿಸಿ ಉದ್ದಕ್ಕೆ ಚಿತ್ರ ಬರೆಯೋದು, ಬರೆದಿದ್ದನ್ನ ಟ್ಯಾಂಕಿನವರಿಗೆ ತೋರ್ಸಿ ಅರ್ಥ ಮಾಡ್ಸೋದು, ದಾಳಿ ಹಿಂದಿನ ರಾತ್ರಿ ಟ್ಯಾಂಕು ಬರೋ ದಾರಿಯುದ್ದಕ್ಕೂ ನೆಲದ ಮೇಲೆ ಬಿಳೀ ಪಟ್ಟಿ ಹಾಸೋದು, ಎಷ್ಟೋ ಸಲ ಟ್ಯಾಂಕಿನ ಮುಂದೆ ತಾವೇ ನಡ್ಕೊಂಡು ಹೋಗಿ ದಾರಿ ತೋರ್ಸೋದು. ಟ್ಯಾಂಕಿನೊಳಗಿದ್ದವನಿಗೆ ಉಕ್ಕಿನ ಗೋಡೆಯಾದ್ರೂ ಇತ್ತು, ಮುಂದೆ ನಡೆಯೋನಿಗೆ ಮೈಮೇಲಿನ ಕೋಟು ಬಿಟ್ರೆ ಏನೂ ಇಲ್ಲ. ನೀವೇ ಹೇಳಿ ಸಾಹೇಬ್ರೇ, ಪದಕ ಬಂದಿದ್ದರಲ್ಲಿ ಆಶ್ಚರ್ಯ ಇದೆಯಾ? ಇದು ಆರ್ಕಿಟೆಕ್ಟ್ ಕೆಲಸವೇ ಅಲ್ವಾ ಅಂತಾನೂ ನಂಗನ್ಸತ್ತೆ, ಸೈಟಿಗೆ ಹೋಗಿ ಇಳಿಜಾರು ನೋಡೋದು, ನೀರು ಎಲ್ಲಿ ಹರಿಯತ್ತೆ ನೋಡೋದು, ಕಾಗದದ ಮೇಲಿನ ಗೆರೆಗೂ ಕಾಲ ಕೆಳಗಿನ ಮಣ್ಣಿಗೂ ಹೊಂದಿಕೆ ಇದೆಯಾ ನೋಡೋದು.

ಮಣ್ಣಿನ ಮಾತು ಬಂತಲ್ಲ, ಅದಕ್ಕೆ ಎರಡು ಯುದ್ಧ ಹೇಳ್ತೀನಿ, ಎರಡೂ 1917ದೇ. ಜುಲೈ ಕೊನೇಲಿ ಬೆಲ್ಜಿಯಂನ ಈಪ್ರ ಹತ್ರ ಶುರುವಾಗಿದ್ದು ಮೂರನೇ ಈಪ್ರ ಯುದ್ಧ. ಅಲ್ಲಿ ನೆಲ ತಗ್ಗು, ನೀರು ಹರಿಯೋಕೆ ರೈತರು ತಲೆತಲಾಂತರದಿಂದ ತೋಡಿಕೊಂಡು ಬಂದ ಕಾಲುವೆಗಳೇ ಆಧಾರ, ಫಿರಂಗಿ ಗುಂಡು ಬಿದ್ದೂ ಬಿದ್ದೂ ಕಾಲುವೆ ಎಲ್ಲಾ ಒಡೆದ್ಹೋಯ್ತು, ಮೇಲಿಂದ ಮಳೆ ಬೇರೆ. ಟ್ಯಾಂಕ್ ಕೋರ್‌ನವರು ದಿನಾ ಎಲ್ಲೆಲ್ಲಿ ಜವುಗು ಆಗ್ತಿದೆ ಅಂತ ಮ್ಯಾಪ್ ಮಾಡಿ ಮೇಲಿನವರಿಗೆ ಕಳಿಸ್ತಿದ್ರು, ಇಲ್ಲಿ ಟ್ಯಾಂಕ್ ಇಳಿಸ್ಬೇಡಿ ಅಂತ. ಇನ್ಮುಂದೆ ಆ ಮ್ಯಾಪ್ ಕಳಿಸ್ಬೇಡಿ ಅಂತ ಮೇಲಿಂದ ಉತ್ತರ ಬಂತು. ಟ್ಯಾಂಕುಗಳು ಇಳಿದ್ವು, ಹೊಟ್ಟೆವರೆಗೂ ಹೂತ್ಹೋದ್ವು. ಇದನ್ನ ಓದುವಾಗೆಲ್ಲಾ ನಂಗೆ ಸಿಟ್ಟು ಬರತ್ತೆ, ನೆಲ ನೋಡ್ಕೊಂಡು ಬಂದವನ ಮಾತು ಬೇಡ ಅಂದಿದ್ದಕ್ಕೆ ಎಷ್ಟು ಹುಡುಗರು ಆ ಕೆಸರಲ್ಲಿ ಉಳಿದ್ರು.

ಎರಡನೇದು ಅದೇ ವರ್ಷ ನವೆಂಬರ್ 20, ಫ್ರಾನ್ಸಿನ ಕಾಂಬ್ರೇ. ಇಲ್ಲಿ ಟ್ಯಾಂಕ್ ಕೋರ್‌ಗೆ ಬೇಕಾದಂಥ ಜಾಗ ಸಿಕ್ಕಿತ್ತು, ಸುಣ್ಣಕಲ್ಲಿನ ಒಣ ನೆಲ, ಗುಂಡು ಬಿದ್ದು ಕೆಟ್ಟಿರಲಿಲ್ಲ. 476 ಟ್ಯಾಂಕುಗಳನ್ನ ರೈಲಲ್ಲಿ ರಾತ್ರಿಯೇ ತಂದು ಕಾಡಲ್ಲಿ ಬಚ್ಚಿಟ್ರು, ಮುಂಚಿತವಾಗಿ ದಿನಗಟ್ಟಲೆ ಫಿರಂಗಿ ಹೊಡೆಯೋ ಪದ್ಧತಿ ಬಿಟ್ಬಿಟ್ರು, ದಾಳಿಗೆ ಮುಂದೆ ಹೋಗೋ ಟ್ಯಾಂಕುಗಳ ನೆತ್ತಿ ಮೇಲೆ ಒಂದೊಂದು ದೊಡ್ಡ ಸೌದೆ ಹೊರೆ ಸರಪಳಿ ಬಿಗಿದು ಕಟ್ಟಿದ್ರು, ಜರ್ಮನರ ಅಗಲದ ಕಂದಕ ಬಂದಾಗ ಆ ಹೊರೆ ಒಳಗೆ ಬೀಳ್ಸಿ ಅದರ ಮೇಲೆ ದಾಟೋದು. ಒಂದೇ ದಿನಕ್ಕೆ ಏಳೆಂಟು ಕಿಲೋಮೀಟರ್ ಮುಂದೆ ಹೋದ್ರು, ಈಪ್ರದಲ್ಲಿ ಅಷ್ಟು ದೂರಕ್ಕೆ ಮೂರು ತಿಂಗಳು ಬೇಕಾಗಿತ್ತು. ಇಂಗ್ಲೆಂಡಿನ ಚರ್ಚುಗಳಲ್ಲಿ ಗಂಟೆ ಬಾರಿಸಿದ್ರು. ಆದ್ರೆ ನವೆಂಬರ್ 30ಕ್ಕೆ ಜರ್ಮನರು ತಿರುಗಿಬಿದ್ದು ಹೆಚ್ಚುಕಮ್ಮಿ ಗೆದ್ದಷ್ಟು ನೆಲಾನೂ ವಾಪಸ್ ಕಸ್ಕೊಂಡ್ರು, ಅದನ್ನೂ ಹೇಳ್ಬೇಕಾಗತ್ತೆ.

ಯುದ್ಧ ಮುಗಿದ ಮೇಲೆ ಟ್ಯಾಂಕ್ ಕೋರ್‌ನ ಇತಿಹಾಸ ಬರೆಯೋ ಕೆಲಸಾನೂ ಮೇಜರ್ ಕ್ಲಫ್‌ಗೇ ಬಂತು, ಹೆಂಡತಿ ಅಮಬೆಲ್ ಜೊತೆ ಸೇರಿ ಬರೆದ ಆ ಪುಸ್ತಕ 1919ರಲ್ಲೇ ಹೊರಬಂತು, ಟ್ಯಾಂಕ್ ಕೋರ್‌ನ ಕಮಾಂಡರ್ ಆಗಿದ್ದ ಜನರಲ್ ಎಲ್ಲೆಸ್ ಮುನ್ನುಡಿ ಬರೆದಿದಾರೆ. ಟ್ಯಾಂಕ್ ಕೋರ್ ಬಗ್ಗೆ ಬಂದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು.

ಯುದ್ಧದ ಟ್ಯಾಂಕ್ ಕಂಡುಹಿಡಿದವರು ನಮ್ಮ ಬೆಂಗಳೂರಿನವರು ಅಂತ ವಾಟ್ಸಾಪಲ್ಲಿ ಓಡಾಡ್ತಿದೆ. ನಿಜಾನಾ?
– ಬೆಂಗಳೂರು ಬಸವನಗುಡಿಯ ಓದುಗರು

ಅರ್ಧ ನಿಜ. ಅರ್ನೆಸ್ಟ್ ಸ್ವಿಂಟನ್ ಅನ್ನೋ ಬ್ರಿಟಿಷ್ ಇಂಜಿನಿಯರ್ ಆಫೀಸರ್ ಹುಟ್ಟಿದ್ದು ಬೆಂಗಳೂರಲ್ಲೇ, 1868ರಲ್ಲಿ. 1914ರಲ್ಲಿ ಫ್ರಾನ್ಸಿನ ಕಂದಕ, ಮುಳ್ಳುತಂತಿ, ಮಷಿನ್‌ಗನ್ ನೋಡಿದ ಮೇಲೆ, ಅಮೆರಿಕದ ಹೋಲ್ಟ್ ಕಂಪ್ನಿಯ ಪಟ್ಟಿ ಚಕ್ರದ ಟ್ರ್ಯಾಕ್ಟರ್ ಇತ್ತಲ್ಲ, ಅದಕ್ಕೆ ಉಕ್ಕಿನ ಕವಚ ಹಾಕಿ ಕಂದಕ ದಾಟಿಸ್ಬಹುದು ಅಂತ ಮೇಲಿನವರಿಗೆ ಒತ್ತಾಯ ಮಾಡಿದವರಲ್ಲಿ ಇವರು ಮುಖ್ಯ. ಆದ್ರೆ ಇವರೊಬ್ಬರೇ ಅಲ್ಲ. ನೌಕಾಪಡೆ ಕಡೆಯಿಂದ ಚರ್ಚಿಲ್ ಒಂದು ಸಮಿತಿ ಮಾಡಿದ್ರು, ಕೊನೆಗೆ ಗಾಡಿ ಡಿಸೈನ್ ಮಾಡಿ ನಡೆಯೋ ಹಾಗೆ ಮಾಡಿದ್ದು ಲಿಂಕನ್ ಊರಿನ ಕಾರ್ಖಾನೇಲಿ ವಿಲಿಯಂ ಟ್ರಿಟನ್ ಮತ್ತೆ ವಾಲ್ಟರ್ ವಿಲ್ಸನ್. ಟ್ಯಾಂಕು ಮೊದಲ ಸಲ ಯುದ್ಧಕ್ಕಿಳಿದಿದ್ದು 1916ರ ಸೆಪ್ಟೆಂಬರ್ 15, ಫ್ರಾನ್ಸಿನ ಸೋಮ್ ಪ್ರದೇಶದಲ್ಲಿ. ಹಾಗಾಗಿ "ಬೆಂಗಳೂರಲ್ಲಿ ಹುಟ್ಟಿದ ಸ್ವಿಂಟನ್ ಟ್ಯಾಂಕಿಗೆ ದಾರಿ ಮಾಡಿಕೊಟ್ಟವರಲ್ಲೊಬ್ಬರು" ಅಂತ ತಿದ್ದಿ ಫಾರ್ವರ್ಡ್ ಮಾಡಿ, ಅಷ್ಟು ಹೇಳಿದ್ರೂ ನಮ್ಮೂರಿಗೆ ಹೆಮ್ಮೇನೇ.

ಮಿಲಿಟರಿ ಕ್ರಾಸ್ ಅಂದ್ರೆ ನಮ್ಮ ವೀರಚಕ್ರದ ಹಾಗಾ?
– ಮಡಿಕೇರಿಯಿಂದ ಪಿಯುಸಿ ವಿದ್ಯಾರ್ಥಿನಿ

ಸರಿಯಾಗಿ ಇದಕ್ಕೆ ಅದು ಅಂತ ಜೋಡಿಸೋಕಾಗಲ್ಲಮ್ಮಾ, ಆದ್ರೆ ಜಾತಿ ಅದೇ, ಶತ್ರುವಿನ ಎದುರು ತೋರಿಸಿದ ಧೈರ್ಯಕ್ಕೆ ಕೊಡೋದು. 1914ರ ಡಿಸೆಂಬರಲ್ಲಿ ಶುರುವಾಗಿದ್ದು, ಕ್ಯಾಪ್ಟನ್ ದರ್ಜೆವರೆಗಿನ ಆಫೀಸರುಗಳಿಗೆ ಮತ್ತೆ ವಾರಂಟ್ ಆಫೀಸರುಗಳಿಗೆ ಅಂತ, ಬೆಳ್ಳಿ ಶಿಲುಬೆ, ಬಿಳಿ ಪಟ್ಟಿ ಮಧ್ಯೆ ನೇರಳೆ ಗೆರೆ ಇರೋ ರಿಬ್ಬನ್ನು. ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮವರಿಗೂ ಕೊಡ್ತಿದ್ರು. ಸ್ಯಾಮ್ ಮಾಣೆಕ್‌ಷಾ ಅವರಿಗೆ 1942ರಲ್ಲಿ ಬರ್ಮಾದಲ್ಲಿ ಮೈತುಂಬಾ ಗುಂಡು ಬಿದ್ದಾಗ ಸಿಕ್ಕಿದ್ದು ಇದೇ ಪದಕ.

ಯುದ್ಧದ ಮಧ್ಯೆ ಮದುವೆ ಆದ್ರು, ಗೆಳೆಯರು ಉಡುಗೊರೆಯಾಗಿ ಒಂದು ಗೋಪುರ ಕೊಟ್ರು ಅಂತ ಎಲ್ಲೋ ಓದಿದ್ದೆ. ಗೋಪುರಾನಾ?
– ಶಿವಮೊಗ್ಗದ ಓದುಗರು

ಹೌದು ಸರ್, ಗೋಪುರಾನೇ. ಮದುವೆ 1915ರಲ್ಲಿ, ಹೆಂಡತಿ ಅಮಬೆಲ್ ಸ್ಟ್ರೇಚಿ, ಲಂಡನ್ನಿನ ಸ್ಪೆಕ್ಟೇಟರ್ ಪತ್ರಿಕೆ ಸಂಪಾದಕರ ಮಗಳು, ತಾವೇ ಒಳ್ಳೇ ಬರಹಗಾರ್ತಿ. ವೆಲ್ಷ್ ಗಾರ್ಡ್ಸ್‌ನ ಜೊತೆಗಾರ ಆಫೀಸರುಗಳು ಪದ್ಧತಿ ಪ್ರಕಾರ ಬೆಳ್ಳಿ ತಟ್ಟೆ ಕೊಡೋಣ ಅಂತಿದ್ರು, ಇವರು ಬೆಳ್ಳಿ ಬೇಡ, ನನ್ನ ಮನೆ ಹಿಂದಿನ ಗುಡ್ಡದ ಮೇಲೆ ಒಂದು ಪಾಳುಗೋಪುರ ಕಟ್ಟಿಸ್ಕೊಳ್ತೀನಿ, ಅದಕ್ಕೆ ದುಡ್ಡು ಕೊಡಿ ಅಂದ್ರು. ಯುದ್ಧ ಮುಗಿದ ಮೇಲೆ ಬ್ರೊಂಡಾನು ಮನೆ ಮೇಲ್ಗಡೆ ಗುಡ್ಡದಲ್ಲಿ ಆ ಕಲ್ಲಿನ ಗೋಪುರ ಎದ್ದಿತು, ಮೇಲೆ ಹತ್ತಿದ್ರೆ ಒಂದು ಕಡೆ ಬೆಟ್ಟದ ಸಾಲು, ಇನ್ನೊಂದು ಕಡೆ ಸಮುದ್ರದ ಹಿನ್ನೀರು. ಎರಡನೇ ಮಹಾಯುದ್ಧದಲ್ಲಿ ಹಿಟ್ಲರ್ ಸೇನೆ ಬಂದಿಳಿದ್ರೆ ಅಂತ ಊರ ಕಾವಲು ಪಡೆಯವರು ಅದನ್ನೇ ಠಾಣೆ ಮಾಡ್ಕೊಳ್ಳೋಕೆ ಸಜ್ಜು ಮಾಡಿದ್ರಂತೆ, ಬಾಗಿಲ ಮೇಲಿನ ಕಲ್ಲಲ್ಲೇ ಇದು ಕೆತ್ತಿದೆ. 1915ರಲ್ಲಿ ಫ್ರಾನ್ಸಿಗೆ ಹೋದ ಎಷ್ಟೋ ಆಫೀಸರುಗಳು ವಾಪಸ್ ಬರಲೇ ಇಲ್ಲ, ಅವರು ಸೇರಿ ಕೊಟ್ಟಿದ್ದು ಅಲ್ಲಿ ಇನ್ನೂ ನಿಂತಿದೆ ಅನ್ನೋದು ನನಗಂತೂ ಸಣ್ಣ ವಿಷಯ ಅಲ್ಲ.

ನಮ್ಮದು ಮಲೆನಾಡಲ್ಲಿ ಹೋಮ್‌ಸ್ಟೇ. ಇನ್ನೆರಡು ಕಟ್ಟಡ ಕಟ್ಟೋಣ ಅಂದ್ರೆ ಮಗಳು "ಜಾಗ ಹಾಳ್ಮಾಡ್ತೀಯಪ್ಪ" ಅಂತ ಜಗಳಕ್ಕೆ ಬರ್ತಾಳೆ. ಚಂದದ ಜಾಗದಲ್ಲಿ ಕಟ್ಟಿಯೂ ಕೆಡಿಸದೇ ಇದ್ದವರು ಇದಾರಾ? ನೀವು ಹಾಕಿದ ಫೋಟೋದ ಊರು ಹಾಗಿದ್ಯಾ?
– ಸಕಲೇಶಪುರದ ಕಡೆಯ ಓದುಗರು

ನಿಮ್ಮ ಮಗಳು ಕೇಳ್ತಿರೋ ಪ್ರಶ್ನೆಗೆ ಉತ್ತರ ಕೊಡೋಕೇ ಕ್ಲಫ್ ಆ ಊರು ಕಟ್ಟಿದ್ದು ಸರ್. ಯುದ್ಧದಿಂದ ವಾಪಸ್ ಬಂದು ನೋಡ್ತಾರೆ, ಬ್ರಿಟನ್ನಿನ ರಸ್ತೆಯುದ್ದಕ್ಕೂ ಎರಡೂ ಕಡೆ ಮನೆ, ಪೆಟ್ರೋಲ್ ಬಂಕು, ಜಾಹೀರಾತು ಬೋರ್ಡು, ಹೊಲ ಗದ್ದೆ ಮಧ್ಯೆ ಯೋಚನೆ ಇಲ್ದೆ ಎದ್ದ ಬಂಗಲೆಗಳು. ಎಷ್ಟು ನೊಂದ್ಕೊಂಡ್ರು ಅಂದ್ರೆ 1928ರಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದು, ಈ ಬೆಳವಣಿಗೇನ ಎಂಟು ಕಾಲಿನ ಆಕ್ಟೋಪಸ್‌ಗೆ ಹೋಲಿಸಿದ್ರು. ಆದ್ರೆ ಬರೀ ಬೈದ್ರೆ ಆಗಲ್ಲ, ಹೀಗೂ ಕಟ್ಬಹುದು, ಹೀಗೆ ಕಟ್ಟಿದ್ರೆ ದುಡ್ಡೂ ಬರತ್ತೆ ಅಂತ ಮಾಡಿ ತೋರಿಸ್ಬೇಕು ಅನ್ನೋದು ಅವರ ಪಟ್ಟು. ದುಡ್ಡು ಬರತ್ತೆ ಅನ್ನೋದು ಇಲ್ಲಿ ಮುಖ್ಯ, ಯಾಕಂದ್ರೆ ಅವರ ಹತ್ರ ದೊಡ್ಡ ಆಸ್ತಿ ಇರಲಿಲ್ಲ.

ಜಾಗಕ್ಕೆ ದ್ವೀಪ ದ್ವೀಪ ಹುಡುಕಿ ಕೊನೆಗೆ ಸಿಕ್ಕಿದ್ದು ಮನೆಯಿಂದ ಎಂಟು ಕಿಲೋಮೀಟರ್ ದೂರದಲ್ಲೇ, ಸಮುದ್ರದ ಹಿನ್ನೀರಿಗೆ ಇಳಿಯೋ ಕಾಡು ಬೆಳೆದ ಒಂದು ಕಣಿವೆ, ಅದರಲ್ಲಿ ಹಳೇದೊಂದು ಬಂಗಲೆ. 1925ರಲ್ಲಿ 5000 ಪೌಂಡಿಗೂ ಕಡಿಮೆಗೆ ಕೊಂಡ್ಕೊಂಡ್ರು, ಬಂಗಲೆನ ಹೋಟೆಲ್ ಮಾಡಿ 1926ರ ಈಸ್ಟರ್‌ಗೆ ಬಾಗಿಲು ತೆಗೆದ್ರು. ಹೋಟೆಲ್ಲಿಂದ ಬಂದ ದುಡ್ಡಲ್ಲಿ ಒಂದು ಮನೆ, ಅದರ ಬಾಡಿಗೆ ದುಡ್ಡಲ್ಲಿ ಇನ್ನೊಂದು. 1939ರವರೆಗೆ ಕಟ್ಟಿದ್ರು, ಯುದ್ಧ ಬಂದು ನಿಲ್ತು, ಯುದ್ಧ ಮುಗಿದ ಮೇಲೂ ಸಿಮೆಂಟು ಮರಕ್ಕೆಲ್ಲಾ ಸರ್ಕಾರದ ಪರ್ಮಿಟ್ ಇದ್ದಿದ್ರಿಂದ 1954ರವರೆಗೆ ಕೈ ಕಟ್ಕೊಂಡು ಕೂತ್ರು, ಮತ್ತೆ ಶುರು ಮಾಡಿ 1976ರವರೆಗೆ ಕಟ್ಟಿದ್ರು. ಆಗ ಅವರ ವಯಸ್ಸು 93.

ನಿಮಗೆ ಉಪಯೋಗ ಆಗೋದು ಅವರು ನೆಲದ ಜೊತೆ ನಡ್ಕೊಂಡ ರೀತಿ. ಬಂಡೆ ಒಡೆದು ನೆಲ ಸಮ ಮಾಡೋ ಬದಲು, ಬಂಡೆ ಎಲ್ಲಿ ಎದ್ದಿದೆಯೋ ಅಲ್ಲಿ ಗೋಪುರ ನಿಲ್ಸಿದ್ರು, ತಗ್ಗು ಎಲ್ಲಿದೆಯೋ ಅಲ್ಲಿ ಅಂಗಳ ಬಿಟ್ರು. ಕಟ್ಟಡಗಳನ್ನೂ ಸಣ್ಣದಾಗೇ ಕಟ್ಟಿದ್ರು. ಅಲ್ಲಿ 'ಯೂನಿಕಾರ್ನ್' ಅಂತ ಒಂದಿದೆ, ಮುಂದ್ಗಡೆ ನೋಡಿದ್ರೆ ಶ್ರೀಮಂತರ ಅರಮನೆ, ಹಿಂದೆ ಹೋದ್ರೆ ಒಂದೇ ಅಂತಸ್ತಿನ ಪುಟ್ಟ ಮನೆ! ಕೆಲವು ಕಿಟಕಿ ಕಿಟಕಿಯೇ ಅಲ್ಲ, ಗೋಡೆ ಮೇಲೆ ಬರೆದ ಬಣ್ಣ. ಮೇಲಿನ ಅಂತಸ್ತು ಕುಗ್ಗಿಸಿ ಎತ್ತರ ಜಾಸ್ತಿ ಕಾಣೋ ಹಾಗೆ ಮಾಡಿದಾರೆ. ಸಿದ್ಧಾಂತಿಗಳು ಇದನ್ನ ಮೋಸ ಅಂದ್ರು, ಮಾಡರ್ನ್ ಆರ್ಕಿಟೆಕ್ಚರ್ ಅಂದ್ರೆ ಅಲಂಕಾರ ಇರಬಾರದು ಅಂತಿದ್ದ ಕಾಲ ಅದು. ನಾನು ಕ್ಲಫ್ ಕಡೆ. ಹತ್ತು ಸಣ್ಣ ಕಟ್ಟಡ ಸೇರಿ ಒಂದು ದೊಡ್ಡ ಕಟ್ಟಡದ ಖುಷಿ ಕೊಟ್ಟು, ಕಾಡಿಗೆ ಒಂದು ದೊಡ್ಡ ಕಟ್ಟಡದಷ್ಟು ಪೆಟ್ಟು ಕೊಡಲಿಲ್ಲ ಅಂದ್ರೆ ಅದರಲ್ಲಿ ಮೋಸ ಎಲ್ಲಿ ಬಂತು?

ಇನ್ನೊಂದು, ಬೇರೆ ಕಡೆ ಕೆಡವ್ತಿದ್ದ ಕಟ್ಟಡಗಳ ಭಾಗ ತಂದು ಇಲ್ಲಿ ಜೋಡಿಸ್ತಿದ್ರು. 1930ರ ದಶಕದಲ್ಲಿ ಫ್ಲಿಂಟ್‌ಷೈರ್‌ನ ಎಮ್ರಲ್ ಹಾಲ್ ಅನ್ನೋ ಹಳೇ ಬಂಗಲೆ ಹರಾಜಿಗೆ ಬಂತು, ಅದರ ದೊಡ್ಡ ಹಾಲಿನ ಗಾರೆ ಛಾವಣಿ ತುಂಬಾ ಹರ್ಕ್ಯುಲಿಸ್ ಸಾಹಸಗಳ ಕೆತ್ತನೆ, ಕಮಾನಿನ ಹಾಗೆ ಬಾಗಿದ ಛಾವಣಿ, ಅದನ್ನ ಕಿತ್ತು ಒಯ್ಯೋರು ಯಾರು? 13 ಪೌಂಡಿಗೆ ಇವರ ಪಾಲಾಯ್ತು. ಛಾವಣಿ ಕೊಂಡ ಮೇಲೆ ಅದು ಕೂರೋಕೆ ಅದರದ್ದೇ ತೊಲೆ, ಕಿಟಕಿ, ಗೋಡೆ ಕಲ್ಲು ಎಲ್ಲಾ ಬೇಕಲ್ಲ, ಅವನ್ನೂ ಕೊಂಡು, ಛಾವಣಿನ ತುಂಡು ತುಂಡಾಗಿ ಕೊಯ್ದು ಲಾರೀಲಿ ತಂದು ಮತ್ತೆ ಜೋಡಿಸಿದ್ರು. 13 ಪೌಂಡಿನ ಛಾವಣಿಗೆ ಎಷ್ಟೋ ಪಟ್ಟು ಖರ್ಚಾಯ್ತು, ಅದನ್ನ ಉಳಿಸ್ಬೇಕು ಅಂತ ಆ ದಿನ ಹರಾಜಲ್ಲಿ ಕೈ ಎತ್ತಿದ್ದು ಮಾತ್ರ ಇವರೊಬ್ಬರೇ. ಬ್ರಿಸ್ಟಲ್ ಊರಿನ 1760ರ ಸುಮಾರಿನ ಕಂಬದ ಸಾಲೊಂದು ಕೂಡ ಹೀಗೇ ಕಲ್ಲು ಕಲ್ಲಾಗಿ ಬಂದು ನಿಂತಿದೆ. ಲಿವರ್‌ಪೂಲಿನ ನಾವಿಕರ ವಸತಿಗೃಹದ ಮತ್ಸ್ಯಕನ್ಯೆ ಚಿತ್ರದ ಕಬ್ಬಿಣದ ಜಾಲರಿಗಳೂ ಇವೆ.

1928ರಲ್ಲಿ ಕಟ್ಟಿದ ಗಂಟೆಗೋಪುರದ ಮೇಲೊಂದು ಫಲಕ ಇದೆ, ಅದನ್ನ ನಿಮ್ಮ ಮಗಳಿಗೆ ಹೇಳಿ. ಹತ್ತಿರದಲ್ಲೇ 12ನೇ ಶತಮಾನದ ಒಂದು ಕೋಟೆ ಇತ್ತು, 1869ರ ಸುಮಾರಿಗೆ ಆಗಿನ ಮಾಲೀಕ ಅದನ್ನ ಪೂರ್ತಿ ಕೆಡವಿ ಹಾಕಿದ, ಕಾರಣ ಏನಂದ್ರೆ ಹಾಳುಕೋಟೆ ಇದೆ ಅಂತ ಗೊತ್ತಾದ್ರೆ ಜನ ನೋಡೋಕೆ ಬಂದ್ಬಿಡ್ತಾರೆ ಅಂತ. ಆ ಮಾಲೀಕ ಯಾರೋ ಅಲ್ಲ, ಎಲೆಕ್ಟ್ರಿಕ್ ಟೆಲಿಗ್ರಾಫ್ ತಂದ ವಿಲಿಯಂ ಕುಕ್. ಕ್ಲಫ್ ಆ ಕೋಟೆ ಕಲ್ಲುಗಳನ್ನ ಆರಿಸಿ ಗೋಪುರದಲ್ಲಿ ಇಟ್ಟು, ಹಿಂದಿನವರು ಮಾಡಿದ ಅಪಚಾರಕ್ಕೆ ಇದು ಪರಿಹಾರ ಅಂತ ಕೆತ್ತಿಸಿದ್ರು, ತಮ್ಮನ್ನ "ಆರ್ಕಿಟೆಕ್ಟ್ ಮತ್ತು ಹೋಟೆಲ್‌ನವನು" ಅಂತ ಕರ್ಕೊಂಡು.

ಅವರು ಕಟ್ಟಿದ್ದೆಲ್ಲಾ ಸರಿ ಅಂತ ನಾನು ಹೇಳಲ್ಲ. 1930ರ ದಶಕದಲ್ಲಿ ಸ್ನೋಡನ್ ಬೆಟ್ಟದ ನೆತ್ತಿ ಮೇಲೆ ಟ್ರೈನ್ ಸ್ಟೇಷನ್ ಮತ್ತೆ ಹೋಟೆಲ್ ಕಟ್ಟಿದ್ದು ಇವರೇ, ಆ ಗಾಳಿ ಮಳೆಗೆ ಅದು ತಡೀಲಿಲ್ಲ, ವರ್ಷ ವರ್ಷಕ್ಕೆ ಹಾಳಾಗಿ ನೋಡೋಕೇ ಬೇಜಾರಾಗೋ ಹಾಗಾಯ್ತು, 2006ರಲ್ಲಿ ಕೆಡವಿದ್ರು, ಅಲ್ಲಿ ಈಗಿರೋದು 2009ರಲ್ಲಿ ತೆರೆದ ಬೇರೆ ಕಟ್ಟಡ. ಕೆಲವು ಜಾಗ ಎಷ್ಟು ಒಳ್ಳೇ ಆರ್ಕಿಟೆಕ್ಟ್ ಬಂದ್ರೂ ಕಟ್ಟಡ ಬೇಡ ಅನ್ನತ್ತೆ. ನಿಮ್ಮ ಎರಡು ಕಟ್ಟಡಕ್ಕೆ ಮುಂಚೆ ಒಂದು ಮಳೆಗಾಲ ಪೂರ್ತಿ ಆ ಜಾಗದಲ್ಲಿ ನೀರು ಎಲ್ಲಿ ಇಳಿಯತ್ತೆ ಅಂತ ಮಗಳ ಜೊತೆ ನಿಂತು ನೋಡಿ ಸರ್, ಆಮೇಲೆ ಇಂಜಿನಿಯರ್ ಕರ್ಸಿ.

ಮಣ್ಣಿನ ಮನೆ ಬಗ್ಗೇನೂ ಇವರು ಬರೆದಿದಾರಾ?
– ಬಾಗಲಕೋಟೆಯ ಓದುಗರು

ಬರೆದಿದಾರೆ, 1919ರಲ್ಲೇ. ಯುದ್ಧದಿಂದ ವಾಪಸ್ ಬಂದ ಲಕ್ಷಾಂತರ ಸೈನಿಕರಿಗೆ ಮನೆ ಬೇಕಿತ್ತು, ಇಟ್ಟಿಗೆ ಇಲ್ಲ, ಮರ ಇಲ್ಲ, ಸಾಗಿಸೋಕೆ ಗಾಡಿ ಇಲ್ಲ. ಅದಕ್ಕೆ ಇವರು ಹುಲ್ಲು ಕಲೆಸಿದ ಮಣ್ಣಿನ ಗೋಡೆ, ಹಲಗೆ ಮಧ್ಯೆ ಮಣ್ಣು ಹಾಕಿ ಕುಟ್ಟಿ ಏರಿಸೋ ಗೋಡೆ, ಸುಣ್ಣಕಲ್ಲು, ಜೇಡಿಮಣ್ಣು ಇಷ್ಟರಲ್ಲೇ ಸಣ್ಣ ಮನೆ ಹೇಗೆ ಕಟ್ಟೋದು ಅಂತ ಒಂದು ಪೂರ್ತಿ ಪುಸ್ತಕ ಬರೆದ್ರು, ಮಾವ ಸ್ಟ್ರೇಚಿಯವರದ್ದೇ ಮುನ್ನುಡಿ, ಅವರಿಗೂ ಕಡಿಮೆ ಖರ್ಚಿನ ಮನೆ ಬಗ್ಗೆ ಹುಚ್ಚು. ನಿಮ್ಮ ಕಡೆ ಮಣ್ಣಿನ ಗೋಡೆ, ಮೇಲ್ಮುದ್ದೆ ಮನೇಲಿ ಬೆಳೆದವರಿಗೆ ಅದರಲ್ಲಿ ಹೊಸದೇನೂ ಅನ್ಸಲ್ಲ, ಲಂಡನ್ನಿನ ಆರ್ಕಿಟೆಕ್ಟ್ ಒಬ್ಬರು ಅದನ್ನ ಗೌರವದಿಂದ ಬರೆದ್ರು ಅನ್ನೋದೇ ದೊಡ್ಡದು. ತೇವ ಕೆಳಗಿಂದಾನೂ ಮೇಲಿಂದಾನೂ ಬರದ ಹಾಗೆ ನೋಡ್ಕೊಂಡ್ರೆ, ಅಂದ್ರೆ ಪಾಯ ಕಲ್ಲಿಂದು, ಸೂರು ಹೊರಗೆ ಚಾಚಿದ್ದು ಇದ್ರೆ, ಮಣ್ಣಿನ ಗೋಡೆ ತಲೆಮಾರುಗಟ್ಟಲೆ ಬಾಳತ್ತೆ.

ಪದಕ, ಪ್ರಶಸ್ತಿ ಎಲ್ಲಾ ಸರಿ. ಯುದ್ಧ ಅವರ ಮನೆಗೆ ಏನು ಮಾಡ್ತು? ಕೊನೆ ಹೇಗಾಯ್ತು?
– ಮೈಸೂರಿನ ಹಿರಿಯ ಓದುಗರು

ಅವರಿಗೆ ಮೂರು ಮಕ್ಕಳು, ಸೂಸನ್, ಷಾರ್ಲೆಟ್, ಮತ್ತೆ ಒಬ್ಬನೇ ಮಗ ಕ್ರಿಸ್ಟೋಫರ್. ಮಗ ತಂದೆಯ ರೆಜಿಮೆಂಟಿಗೇ ಸೇರಿದ, ವೆಲ್ಷ್ ಗಾರ್ಡ್ಸ್. 1944ರಲ್ಲಿ ಇಟಲಿಯ ಕಸೀನೋದಲ್ಲಿ ತೀರಿಕೊಂಡ. ಆ ವರ್ಷ ಅದೇ ಕಸೀನೋದಲ್ಲಿ ನಮ್ಮ 4ನೇ ಮತ್ತೆ 8ನೇ ಇಂಡಿಯನ್ ಡಿವಿಷನ್ನಿನವರೂ ಹೋರಾಡಿದ್ರು, 8ನೇದರಲ್ಲಿ ಮರಾಠಾ ಬೆಟಾಲಿಯನ್ ಇತ್ತು, ಆ ರೆಜಿಮೆಂಟಿನ ಸೆಂಟರ್ ಬೆಳಗಾವಿಯಲ್ಲೇ, ಹಾಗಾಗಿ ಕಸೀನೋ ಅಂದ್ರೆ ನಮ್ಮ ಕಡೆಯ ಕೆಲವು ಮನೆಗಳಿಗೂ ಬರೀ ಮ್ಯಾಪಿನ ಹೆಸರಲ್ಲ. ತಾನು ಜೀವಂತ ವಾಪಸ್ ಬಂದ ಕೆಲಸದಲ್ಲಿ ಮಗ ಹೋದ್ರೆ ತಂದೆಗೆ ಏನಾಗಿರತ್ತೆ ಅಂತ ನಾನು ಬರೆಯೋಕೆ ಹೋಗಲ್ಲ.

ಕೆಲಸ ಮಾತ್ರ ಬಿಡಲಿಲ್ಲ. ಇಂಗ್ಲೆಂಡು ವೇಲ್ಸ್‌ನಲ್ಲಿ ನ್ಯಾಷನಲ್ ಪಾರ್ಕ್ ಎಲ್ಲೆಲ್ಲಿ ಆಗ್ಬೇಕು ಅಂತ ಶಿಫಾರಸು ಮಾಡಿದ ಹಾಬ್‌ಹೌಸ್ ಸಮಿತೀಲಿ ಇದ್ರು, ಅವರ ಮನೆ ಸುತ್ತಲಿನ ಸ್ನೋಡೋನಿಯಾ 1951ರಲ್ಲಿ ನ್ಯಾಷನಲ್ ಪಾರ್ಕ್ ಆಯ್ತು. 1946ರಲ್ಲಿ ಸ್ಟೀವನೇಜ್ ಅನ್ನೋ ಹೊಸ ಊರು ಕಟ್ಟೋ ಮಂಡಳಿಗೆ ಮೊದಲ ಅಧ್ಯಕ್ಷರು. 1951ರ ಡಿಸೆಂಬರಲ್ಲಿ ಬ್ರೊಂಡಾನು ಮನೆಗೆ ಬೆಂಕಿ ಬಿತ್ತು, ಪುಸ್ತಕ, ನಕ್ಷೆ, ಕಾಗದಪತ್ರ ಎಲ್ಲಾ ಸುಟ್ಟುಹೋಯ್ತು, ಅರವತ್ತೆಂಟನೇ ವಯಸ್ಸಲ್ಲಿ ಮನೆ ಮತ್ತೆ ಕಟ್ಟಿಸಿ, ಜ್ವಾಲೆ ಏಳ್ತಿರೋ ಕಲಶದ ಒಂದು ಸ್ಮಾರಕ ನಿಲ್ಸಿದ್ರು. 1972ರಲ್ಲಿ ಸರ್ ಪದವಿ ಬಂತು. 1978ರ ಏಪ್ರಿಲಲ್ಲಿ, 94ನೇ ವಯಸ್ಸಲ್ಲಿ ಹೋದ್ರು. ಮಗಳು ಸೂಸನ್ ಗಂಡನ ಜೊತೆ ಸೇರಿ ಪೋರ್ಟ್‌ಮೇರಿಯನ್ ಹೆಸರಲ್ಲೇ ಪಿಂಗಾಣಿ ಕಂಪ್ನಿ ಶುರು ಮಾಡಿದ್ರು, ಹೂವಿನ ಚಿತ್ರದ ಆ ತಟ್ಟೆ ಬಟ್ಟಲು ನಮ್ಮಲ್ಲೂ ಕೆಲವರ ಮನೆ ಶೋಕೇಸಲ್ಲಿ ಇರತ್ತೆ.

ಮಗಳು ಮ್ಯಾಂಚೆಸ್ಟರಲ್ಲಿದಾಳೆ, ಬೇಸಿಗೇಲಿ ನಾವಿಬ್ರೂ ಹೋಗ್ತಿದೀವಿ. ಪೋರ್ಟ್‌ಮೇರಿಯನ್ ನೋಡ್ಬಹುದಾ?
– ಉಡುಪಿಯಿಂದ ದಂಪತಿ

ಖಂಡಿತ ನೋಡಿ. ರೈಲಲ್ಲಿ ಹೋಗೋದಾದ್ರೆ ಮಿನ್‌ಫೋರ್ಡ್ ಅನ್ನೋ ಸಣ್ಣ ಸ್ಟೇಷನ್ನಲ್ಲಿ ಇಳೀಬೇಕು, ಅಲ್ಲಿಂದ ಇಪ್ಪತ್ತು ನಿಮಿಷದ ನಡಿಗೆ. ಅದೇ ಸ್ಟೇಷನ್ನಿಗೆ ಫೆಸ್ಟಿನಿಯಾಗ್ ಅನ್ನೋ ಪುಟಾಣಿ ಹಳಿಯ ಹಳೇ ರೈಲೂ ಬರತ್ತೆ, ಸಮಯ ಇದ್ರೆ ಅದರಲ್ಲಿ ಬೆಟ್ಟ ಹತ್ತಿ ಬನ್ನಿ. ಊರೊಳಗೆ ಹೋಗೋಕೆ ಟಿಕೆಟ್ ಇದೆ, ಉಳ್ಕೊಳ್ಳೋಕೆ ಹೋಟೆಲೂ ಅದೇ ಮನೆಗಳಲ್ಲಿ ರೂಮುಗಳೂ ಇವೆ. ಮಗಳಿಗೆ ಹಳೇ ಟಿವಿ ಸೀರಿಯಲ್ ಇಷ್ಟ ಇದ್ರೆ 1967ರ 'ದಿ ಪ್ರಿಸನರ್' ಇಲ್ಲೇ ಶೂಟಿಂಗ್ ಆಗಿದ್ದು ಅಂತ ಹೇಳಿ. ಇಳಿಜಾರು, ಮೆಟ್ಲು ಜಾಸ್ತಿ, ಮಂಡಿ ನೋವಿದ್ರೆ ನಿಧಾನಕ್ಕೆ. ಬರೀ ಅಲ್ಲಿಂದ ವಾಪಸ್ ಬರ್ಬೇಡಿ, ಎಂಟು ಕಿಲೋಮೀಟರ್ ಆಚೆ ಬ್ರೊಂಡಾನು ತೋಟಾನೂ ಜನಕ್ಕೆ ತೆರೆದಿರತ್ತೆ, ಅಲ್ಲಿ ಗಲಾಟೆ ಕಡಿಮೆ, ಮೇಲ್ಗಡೆ ಗುಡ್ಡದ ಗೋಪುರಕ್ಕೂ ಅಲ್ಲಿಂದಾನೇ ಹತ್ಬಹುದು. ಹೊರಡೋಕೆ ಮುಂಚೆ ತೆರೆಯೋ ದಿನ, ಸಮಯ ಫೋನ್ ಮಾಡಿ ಕೇಳ್ಕೊಳ್ಳಿ, ಕೊಡೆ ಮರೀಬೇಡಿ, ವೇಲ್ಸ್‌ನ ಬೇಸಿಗೆಗೂ ಮಳೆ ಬರತ್ತೆ.